ಉಲಾಮ್ ಸುರುಳಿ ಮತ್ತು ಅವಿಭಾಜ್ಯ ಸಂಖ್ಯೆಗಳ ಕರ್ಣರೇಖೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉಲಾಮ್ ಸುರುಳಿ ಎಂದರೇನು? ಅದನ್ನು ಬರೆಯುವುದು ಹೇಗೆ?

ಚೌಕುಳಿ ಹಾಳೆಯ ನಡುವಿನ ಒಂದು ಮನೆಯಲ್ಲಿ 1ನ್ನು ಬರೆದು, ಅದರ ಸುತ್ತ 2, 3, 4 ಎಂದು ಸ್ವಾಭಾವಿಕ ಸಂಖ್ಯೆಗಳನ್ನು ಸುರುಳಿಯಾಗಿ ತುಂಬುತ್ತಾ ಹೋಗಿ, ಅವುಗಳಲ್ಲಿ ಅವಿಭಾಜ್ಯ ಸಂಖ್ಯೆಗಳಿರುವ ಮನೆಗಳನ್ನು ಮಾತ್ರ ಗುರುತು ಮಾಡಿದಾಗ ದೊರೆಯುವ ಚಿತ್ರವನ್ನು ಉಲಾಮ್ ಸುರುಳಿ ಎನ್ನುತ್ತಾರೆ. 1ರ ಬಲಕ್ಕೆ 2, ಅದರ ಮೇಲೆ 3, ಅಲ್ಲಿಂದ ಎಡಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ, ಬಲಕ್ಕೆ ಮೂರು, ಮೇಲಕ್ಕೆ ಮೂರು. ಹೀಗೆ ಎರಡು ತಿರುವಿಗೊಮ್ಮೆ ನಡೆಯ ಉದ್ದ ಒಂದು ಮನೆಯಷ್ಟು ಹೆಚ್ಚುತ್ತದೆ. 49ರವರೆಗೆ ಬರೆದರೆ ಹೀಗೆ ಕಾಣುತ್ತದೆ:

37 36 35 34 33 32 31
38 17 16 15 14 13 30
39 18 05 04 03 12 29
40 19 06 01 02 11 28
41 20 07 08 09 10 27
42 21 22 23 24 25 26
43 44 45 46 47 48 49

ಇಷ್ಟು ಸಣ್ಣ ಚಿತ್ರದಲ್ಲೇ ಗಮನಿಸಬೇಕಾದ್ದು ಸಾಕಷ್ಟಿದೆ. 19, 7, 23, 47 ಈ ನಾಲ್ಕು ಅವಿಭಾಜ್ಯಗಳು ಒಂದೇ ಓರೆಗೆರೆಯ ಮೇಲೆ ಸಾಲಾಗಿ ನಿಂತಿವೆ. ಮೇಲಿನ ಬಲಮೂಲೆಯತ್ತ 3, 13, 31 ಇವೆ. ಮೇಲಿನ ಎಡಮೂಲೆಯತ್ತ 5, 17, 37 ಇವೆ. ಮುಂದಿನ ಉತ್ತರಗಳಲ್ಲಿ ಈ ಚೌಕವನ್ನೇ ಮತ್ತೆ ಮತ್ತೆ ನೋಡಬೇಕಾಗುವುದರಿಂದ ಓದುಗರು ಇದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು, ಸಾಧ್ಯವಾದರೆ ಇನ್ನೂ ಎರಡು ಸುತ್ತು ಮುಂದುವರಿಸಿಕೊಂಡರೆ ಒಳ್ಳೆಯದು.

ಇದನ್ನು ಮೊದಲು ಕಂಡವರು ಯಾರು?

ಸ್ಟಾನಿಸ್ಲಾವ್ ಉಲಾಮ್ 1909ರಲ್ಲಿ, ಈಗ ಉಕ್ರೇನಿನಲ್ಲಿರುವ ಲ್ವೀವ್ ನಗರದಲ್ಲಿ ಹುಟ್ಟಿದ ಪೋಲಿಷ್ ಗಣಿತಜ್ಞರು. ಮುಂದೆ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಇವರ ಹೆಸರು ಮಾಂಟೆ ಕಾರ್ಲೊ ವಿಧಾನದೊಂದಿಗೂ ಹೈಡ್ರೋಜನ್ ಬಾಂಬಿನ ವಿನ್ಯಾಸದೊಂದಿಗೂ ಸೇರಿಕೊಂಡಿದೆ. 1963ರಲ್ಲಿ ಒಂದು ವೈಜ್ಞಾನಿಕ ಸಭೆಯಲ್ಲಿ ಬಹಳ ದೀರ್ಘವೂ ನೀರಸವೂ ಆಗಿದ್ದ ಪ್ರಬಂಧವೊಂದನ್ನು ಕೇಳುತ್ತಾ ಕುಳಿತಿದ್ದಾಗ, ಚದುರಂಗದ ಸಮಸ್ಯೆಯೊಂದನ್ನು ರಚಿಸೋಣವೆಂದು ಅವರು ಹಾಳೆಯ ಮೇಲೆ ಅಡ್ಡ ಮತ್ತು ಉದ್ದ ಗೆರೆಗಳನ್ನು ಎಳೆದುಕೊಂಡರು. ಆಮೇಲೆ ಮನಸ್ಸು ಬದಲಿಸಿ ಅಲ್ಲಿ ಸಂಖ್ಯೆಗಳನ್ನು ಸುರುಳಿಯಾಗಿ ಬರೆದು, ಅವಿಭಾಜ್ಯಗಳಿಗೆ ಸುತ್ತು ಹಾಕುತ್ತಾ ಹೋದಾಗ ಅವು ಓರೆಸಾಲುಗಳಲ್ಲಿ ನಿಲ್ಲುತ್ತಿರುವುದು ಕಾಣಿಸಿತು.

ಕೈಬರಹದ ಸಣ್ಣ ಚಿತ್ರದಲ್ಲಿ ಕಂಡದ್ದು ಆಕಸ್ಮಿಕವೂ ಆಗಿರಬಹುದಿತ್ತು. ಆದ್ದರಿಂದ ಉಲಾಮ್ ಅವರು ಮೈರನ್ ಸ್ಟೈನ್ ಮತ್ತು ಮಾರ್ಕ್ ವೆಲ್ಸ್ ಅವರೊಡನೆ ಲಾಸ್ ಅಲಾಮೋಸಿನ ಮ್ಯಾನಿಯಾಕ್ 2 ಎಂಬ ಗಣಕಯಂತ್ರದಲ್ಲಿ ಸುಮಾರು 65,000ದವರೆಗೆ ಸುರುಳಿಯನ್ನು ಬೆಳೆಸಿ ನೋಡಿದರು, ಮತ್ತು ಸಾಲುಗಳು ಅಲ್ಲಿಯೂ ಉಳಿದುಕೊಂಡಿದ್ದವು. ಮಾರ್ಟಿನ್ ಗಾರ್ಡ್ನರ್ ಅವರು ಸೈಂಟಿಫಿಕ್ ಅಮೆರಿಕನ್ ಮಾಸಪತ್ರಿಕೆಯ 1964ರ ಮಾರ್ಚ್ ಸಂಚಿಕೆಯ ತಮ್ಮ ಅಂಕಣದಲ್ಲಿ ಇದನ್ನು ವಿವರಿಸಿದ ಮೇಲೆ ಸುರುಳಿ ಲೋಕಪ್ರಸಿದ್ಧವಾಯಿತು.

ಇದಕ್ಕಿಂತ ಮೂರು ದಶಕ ಮೊದಲು, 1932ರಲ್ಲಿ, ಲಾರೆನ್ಸ್ ಕ್ಲಾಬರ್ ಎಂಬವರು ಸಂಖ್ಯೆಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿ ಅವಿಭಾಜ್ಯಗಳು ಸಾಲುಗಟ್ಟುವುದನ್ನು ಗಮನಿಸಿದ್ದರು. ಅವರ ತ್ರಿಕೋನದ ಪ್ರತಿ ಸಾಲೂ ಒಂದು ವರ್ಗ ಸಂಖ್ಯೆಯಲ್ಲಿ ಕೊನೆಗೊಳ್ಳುತ್ತದೆ: ಮೊದಲ ಸಾಲಿನಲ್ಲಿ 1, ಎರಡನೆಯದರಲ್ಲಿ 2, 3, 4, ಮೂರನೆಯದರಲ್ಲಿ 5ರಿಂದ 9, ಹೀಗೆ. ಕ್ಲಾಬರ್ ಅವರು ರ್‍ಯಾಟಲ್‌ಸ್ನೇಕ್ ಜಾತಿಯ ವಿಷಸರ್ಪಗಳ ಅಧ್ಯಯನಕ್ಕೆ ಹೆಸರಾದವರು. ಅವರ ಗಣಿತದ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

2ನ್ನು ಬಿಟ್ಟರೆ ಅವಿಭಾಜ್ಯಗಳೆಲ್ಲ ಬೆಸ ಸಂಖ್ಯೆಗಳೇ. ಓರೆಸಾಲುಗಳಿಗೆ ಅಷ್ಟೇ ಕಾರಣವಲ್ಲವೇ?

ಅರ್ಧ ಕಾರಣ ಅದೇ. ಸುರುಳಿಯಲ್ಲಿ ಅಕ್ಕಪಕ್ಕದ ಅಥವಾ ಮೇಲೆ ಕೆಳಗಿನ ಯಾವ ಎರಡು ಮನೆಗಳನ್ನು ನೋಡಿದರೂ ಒಂದರಲ್ಲಿ ಸಮ ಸಂಖ್ಯೆ, ಇನ್ನೊಂದರಲ್ಲಿ ಬೆಸ ಸಂಖ್ಯೆ ಇರುತ್ತದೆ. ಚದುರಂಗದ ಮಣೆಯಲ್ಲಿ ಬಿಳಿ ಮನೆಗಳು ಓರೆಯಾಗಿ ಮಾತ್ರ ಒಂದನ್ನೊಂದು ಮುಟ್ಟುವಂತೆ ಇಲ್ಲಿ ಬೆಸ ಸಂಖ್ಯೆಗಳು ಕರ್ಣದ ದಿಕ್ಕಿನಲ್ಲಿ ಮಾತ್ರ ಒತ್ತೊತ್ತಾಗಿ ಬರುತ್ತವೆ. ಆದ್ದರಿಂದ ಒಂದು ಕರ್ಣವೆಲ್ಲ ಬೆಸ, ಅದರ ಪಕ್ಕದ ಕರ್ಣವೆಲ್ಲ ಸಮ. ಅಡ್ಡಸಾಲು ಮತ್ತು ಉದ್ದಸಾಲುಗಳಲ್ಲಿ ಒಂದು ಬಿಟ್ಟು ಒಂದು ಮನೆ ಸಮಸಂಖ್ಯೆಗೆ ಹೋಗುವುದರಿಂದ ಅಲ್ಲಿ ಎಡೆಬಿಡದ ಸಾಲು ಕಟ್ಟುವುದು ಅವಿಭಾಜ್ಯಗಳಿಗೆ ಸಾಧ್ಯವೇ ಇಲ್ಲ.

ಆದರೆ ಈ ವಿವರಣೆ ಇಲ್ಲಿಗೇ ನಿಂತರೆ ಎಲ್ಲ ಬೆಸ ಕರ್ಣಗಳೂ ಹೆಚ್ಚುಕಡಿಮೆ ಒಂದೇ ರೀತಿ ತುಂಬಿರಬೇಕಾಗಿತ್ತು. ಬೆಸ ಸಂಖ್ಯೆಗಳಿಂದ, ಅವಿಭಾಜ್ಯಗಳ ದಟ್ಟಣೆಗೆ ಸರಿಹೊಂದುವಂತೆ, ಯಾದೃಚ್ಛಿಕವಾಗಿ ಕೆಲವನ್ನು ಆರಿಸಿ ಸುರುಳಿಯಲ್ಲಿ ಗುರುತು ಮಾಡಿದರೂ ಅಲ್ಲಲ್ಲಿ ಚಿಕ್ಕ ಓರೆಸಾಲುಗಳು ಕಾಣಿಸುತ್ತವೆ. ಆದರೆ ಬಹುದೂರದವರೆಗೆ ದಟ್ಟವಾಗಿಯೇ ಸಾಗುವ ಕರ್ಣವಾಗಲಿ, ಪೂರ್ತಿ ಬರಿದಾದ ಬೆಸ ಕರ್ಣವಾಗಲಿ ಅಲ್ಲಿ ಸಿಗುವುದಿಲ್ಲ. ಅವಿಭಾಜ್ಯಗಳ ಸುರುಳಿಯಲ್ಲಿ ಎರಡೂ ಇವೆ. ಸುರುಳಿಯ ನಿಜವಾದ ವಿಷಯ ಇರುವುದು ಈ ವ್ಯತ್ಯಾಸದಲ್ಲಿ.

ಹಾಗಾದರೆ ಒಂದು ಬೆಸ ಕರ್ಣ ತುಂಬಿ, ಅದರ ನೆರೆಯದು ಬರಿದಾಗಿರುವುದು ಏಕೆ?

ಮೇಲಿನ ಚೌಕದಲ್ಲಿ ಕೆಳಗಿನ ಬಲಮೂಲೆಯತ್ತ ಹೋಗುವ ಕರ್ಣದಲ್ಲಿ ಬೆಸ ಸಂಖ್ಯೆಗಳ ವರ್ಗಗಳಿವೆ: 1, 9, 25, 49. ಇದಕ್ಕೆ ಸಮಾಂತರವಾಗಿ, ಎರಡು ಮನೆ ಎಡಕ್ಕೆ 7, 23, 47 ಇವೆ. ಇನ್ನೂ ಎರಡು ಮನೆ ಎಡಕ್ಕೆ 21, 45 ಇವೆ. ಸುರುಳಿಯನ್ನು ಬೆಳೆಸಿದರೆ ಮೊದಲನೆಯ ಸಾಲು 7, 23, 47, 79, 119, 167, 223, 287, 359, 439 ಎಂದು ಮುಂದುವರಿಯುತ್ತದೆ, ಮತ್ತು ಈ ಹತ್ತರಲ್ಲಿ 119 ಮತ್ತು 287 ಬಿಟ್ಟು ಉಳಿದ ಎಂಟೂ ಅವಿಭಾಜ್ಯಗಳು. ಎರಡನೆಯ ಸಾಲು 21, 45, 77, 117, 165 ಎಂದು ಸಾಗುತ್ತದೆ, ಮತ್ತು ಅದರಲ್ಲಿ ಎಷ್ಟು ದೂರ ಹೋದರೂ ಒಂದೇ ಒಂದು ಅವಿಭಾಜ್ಯ ಸಿಗುವುದಿಲ್ಲ. ಇವೆರಡರ ನಡುವೆ ಇರುವುದು ಒಂದು ಸಮ ಕರ್ಣ ಮಾತ್ರ.

ಎರಡನೆಯದನ್ನು ವಿವರಿಸುವುದು ಸುಲಭ. ಅಲ್ಲಿರುವ ಪ್ರತಿ ಸಂಖ್ಯೆಯೂ ಒಂದು ವರ್ಗದಿಂದ 4ನ್ನು ಕಳೆದದ್ದು: 25 − 4, 49 − 4, 81 − 4. ಎರಡು ವರ್ಗಗಳ ವ್ಯತ್ಯಾಸವನ್ನು ಅಪವರ್ತಿಸುವುದನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ. 21 ಎಂದರೆ 3 × 7, 45 ಎಂದರೆ 5 × 9, 77 ಎಂದರೆ 7 × 11. ಕರ್ಣದ ಸೂತ್ರವೇ ಎರಡು ಅಪವರ್ತನಗಳಾಗಿ ಒಡೆಯುವುದರಿಂದ ಅಲ್ಲಿನ ಸಂಖ್ಯೆಗಳೆಲ್ಲ ಒಡೆಯುತ್ತವೆ.

ಮೊದಲನೆಯ ಸಾಲಿನ ಸಂಖ್ಯೆಗಳು ಬೆಸ ವರ್ಗದಿಂದ 2ನ್ನು ಕಳೆದವು. ಇವುಗಳನ್ನು 3ರಿಂದ ಭಾಗಿಸಲು ಪ್ರಯತ್ನಿಸೋಣ. ಯಾವ ವರ್ಗವನ್ನು 3ರಿಂದ ಭಾಗಿಸಿದರೂ ಶೇಷ 0 ಅಥವಾ 1. ಶೇಷ 2 ಎಂದೂ ಬರುವುದಿಲ್ಲ. ಆದ್ದರಿಂದ ವರ್ಗದಿಂದ 2ನ್ನು ಕಳೆದ ಸಂಖ್ಯೆ 3ರಿಂದ ಎಂದೂ ಭಾಗವಾಗದು. 5ರಿಂದ ಭಾಗಿಸಿದಾಗ ವರ್ಗಗಳ ಶೇಷಗಳು 0, 1, 4. ಇಲ್ಲಿಯೂ 2 ಇಲ್ಲ. 11 ಮತ್ತು 13ಕ್ಕೂ ಇದೇ ಕಥೆ. ಮೊದಲು ಅಡ್ಡಬರುವುದು 7, ಏಕೆಂದರೆ 9ನ್ನು 7ರಿಂದ ಭಾಗಿಸಿದರೆ ಶೇಷ 2. ಆಮೇಲೆ 17, 23, 31, 41, ಅಂದರೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವ ಅವಿಭಾಜ್ಯಗಳು ಮಾತ್ರ. ಸಂಖ್ಯೆಗಳನ್ನು ಅತಿ ಹೆಚ್ಚಾಗಿ ಒಡೆಯುವ 2, 3, 5 ಮೂರಕ್ಕೂ ಈ ಕರ್ಣದಲ್ಲಿ ಪ್ರವೇಶವಿಲ್ಲ. ಉಳಿದವು ಒಡೆಯದೆ ಉಳಿಯುವ ಸಂಭವ ಹೆಚ್ಚುವುದು ಸಹಜ.

ಸುರುಳಿಯ ಪ್ರತಿ ದಟ್ಟ ಕರ್ಣದ ಹಿಂದೆಯೂ ಇಂಥದೇ ಒಂದು ಕಾರಣವಿದೆ: ಯಾವ ಯಾವ ಸಣ್ಣ ಅವಿಭಾಜ್ಯಗಳು ಆ ಕರ್ಣದೊಳಗೆ ಬರಲಾರವು ಎಂಬುದು. ಚಿತ್ರವನ್ನು ಬರಿಯ ವಿಸ್ಮಯವೆಂದು ನೋಡಿ ಬಿಟ್ಟುಬಿಡುವುದಕ್ಕಿಂತ, ಒಂದು ಕರ್ಣವನ್ನು ಆರಿಸಿಕೊಂಡು 3, 5, 7ರ ಶೇಷಗಳನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡುವುದರಿಂದ ಸಿಗುವ ಆನಂದ ಬಹಳ ದೊಡ್ಡದು.

ಪ್ರತಿ ಸಾಲಿಗೂ ಒಂದು ಸೂತ್ರವಿರುತ್ತದೆ ಎಂದು ಹೇಗೆ ಹೇಳುತ್ತೀರಿ?

1ನ್ನು ಸುತ್ತುವರಿದ ಮೊದಲ ಸುತ್ತಿನಲ್ಲಿ 8 ಮನೆಗಳಿವೆ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 24. ಪ್ರತಿ ಸುತ್ತೂ ಹಿಂದಿನದಕ್ಕಿಂತ 8 ಮನೆ ದೊಡ್ಡದು. ಆದ್ದರಿಂದ ಕೇಂದ್ರದಿಂದ ಹೊರಕ್ಕೆ ನೇರವಾಗಿ ಸಾಗುವ ಯಾವ ಸಾಲಿನಲ್ಲಾದರೂ, ಆರಂಭದ ಕೆಲವು ಮನೆಗಳನ್ನು ದಾಟಿದ ಮೇಲೆ, ಅಂತರಗಳು ಎಂಟೆಂಟರಂತೆ ಬೆಳೆಯುತ್ತವೆ. 7ರಿಂದ 23ಕ್ಕೆ 16, ಅಲ್ಲಿಂದ 47ಕ್ಕೆ 24, ಅಲ್ಲಿಂದ 79ಕ್ಕೆ 32. ಅಂತರಗಳ ಅಂತರ ಸ್ಥಿರವಾಗಿದ್ದರೆ ಆ ಶ್ರೇಣಿಯನ್ನು ಒಂದು ವರ್ಗ ಬಹುಪದೋಕ್ತಿಯಿಂದ ಬರೆಯಬಹುದು, ಮತ್ತು ಇಲ್ಲಿ ಅದರ ವರ್ಗಪದದ ಸಹಗುಣಕ ಯಾವಾಗಲೂ 4. ನಮ್ಮ ಸಾಲಿಗೆ ಆ ಸೂತ್ರ 4ಕ² + 4ಕ − 1. ಇದರಲ್ಲಿ ಕ ಎಂಬುದಕ್ಕೆ 1, 2, 3 ಎಂದು ಬೆಲೆ ಕೊಟ್ಟು ನೋಡಬಹುದು.

ಕೇಂದ್ರವನ್ನು ಹಾದು ಆಚೆ ಬದಿಗೆ ಹೋದಾಗ ಸಾಮಾನ್ಯವಾಗಿ ಸೂತ್ರ ಬದಲಾಗುತ್ತದೆ ಎಂಬುದನ್ನೂ ನೆನಪಿಡಬೇಕು. 19 ಮತ್ತು 7 ಒಂದೇ ಗೆರೆಯಲ್ಲಿ ಕಂಡರೂ 19ರಿಂದ ಹೊರಕ್ಕೆ ಹೋಗುವ 39, 67, 103 ಬೇರೊಂದು ಸೂತ್ರಕ್ಕೆ ಸೇರಿದವು.

ಕೇಂದ್ರದಲ್ಲಿ 1ರ ಬದಲು 41ನ್ನು ಬರೆದರೆ ಏನಾಗುತ್ತದೆ?

ಸುರುಳಿಯ ಅತ್ಯಂತ ಸುಂದರವಾದ ರೂಪ ಅದೇ. 41ರಿಂದ ಆರಂಭಿಸಿದರೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಹೋಗುವ ಮುಖ್ಯ ಕರ್ಣದಲ್ಲಿ, ಕೇಂದ್ರದ ಎರಡೂ ಬದಿಗಳಿಗೆ ಸರದಿಯಂತೆ, 41, 43, 47, 53, 61, 71, 83, 97 ಎಂದು ಸಂಖ್ಯೆಗಳು ಬರುತ್ತವೆ. 1601ರವರೆಗಿನ ನಲವತ್ತು ಸಂಖ್ಯೆಗಳೂ ಅವಿಭಾಜ್ಯಗಳೇ, ಅಂದರೆ 40 × 40 ಮನೆಗಳ ಚೌಕದ ಒಂದು ಕರ್ಣ ಪೂರ್ತಿ ಅವಿಭಾಜ್ಯಗಳಿಂದ ತುಂಬಿರುತ್ತದೆ.

ಈ ಕರ್ಣದ ಸೂತ್ರ ಕ² + ಕ + 41. ಇಂಥ ಸೂತ್ರವನ್ನು ಲಿಯೊನಾರ್ಡ್ ಆಯ್ಲರ್ 1772ರಲ್ಲೇ ಗಮನಿಸಿದ್ದರು. ಕ ಎಂಬುದು 0ಯಿಂದ 39ರವರೆಗೆ ಇರುವಾಗ ತಪ್ಪದೆ ಅವಿಭಾಜ್ಯ ಕೊಡುವ ಈ ಸೂತ್ರ, ಕ 40 ಆದಾಗ 1681 ಎಂಬ ಉತ್ತರ ಕೊಡುತ್ತದೆ. ಅದು 41ರ ವರ್ಗ. ಕ 41 ಆದಾಗ ಬರುವ 1763 ಎಂಬುದು 41 × 43. ಹೀಗಾಗುವುದು ಅನಿವಾರ್ಯವೂ ಹೌದು: ಪೂರ್ಣಾಂಕ ಸಹಗುಣಕಗಳುಳ್ಳ, ಬರಿಯ ಸ್ಥಿರಾಂಕವಲ್ಲದ ಯಾವ ಬಹುಪದೋಕ್ತಿಯೂ ಎಂದೆಂದಿಗೂ ಅವಿಭಾಜ್ಯಗಳನ್ನೇ ಕೊಡಲಾರದು ಎಂಬುದನ್ನು 18ನೆಯ ಶತಮಾನದಲ್ಲೇ ಗೋಲ್ಡ್‌ಬಾಖ್ ತೋರಿಸಿದ್ದರು. ಯಾವುದೋ ಒಂದು ಮೆಟ್ಟಿಲಲ್ಲಿ ಉತ್ತರ 41 ಬಂದರೆ, ಅಲ್ಲಿಂದ ನಲವತ್ತೊಂದು ನಲವತ್ತೊಂದು ಮೆಟ್ಟಿಲು ಮುಂದೆ ಹೋದಾಗಲೆಲ್ಲ ಉತ್ತರವು 41ರಿಂದ ಭಾಗವಾಗುತ್ತದೆ, ತರ್ಕ ಅಷ್ಟೇ.

ಇಷ್ಟಾದರೂ ಈ ಕರ್ಣದ ಸಂಪತ್ತು 1601ಕ್ಕೆ ಮುಗಿಯುವುದಿಲ್ಲ. ಒಂದು ಕೋಟಿಯೊಳಗೆ ಈ ಸೂತ್ರ ಕೊಡುವ ಸಂಖ್ಯೆಗಳಲ್ಲಿ ಶೇಕಡಾ 47.5ರಷ್ಟು ಅವಿಭಾಜ್ಯಗಳು ಎಂದು ಲಾಸ್ ಅಲಾಮೋಸಿನ ಗಣಕಯಂತ್ರದ ಲೆಕ್ಕ ತೋರಿಸಿತು. ಒಂದು ಕೋಟಿಯೊಳಗಿನ ಎಲ್ಲ ಸಂಖ್ಯೆಗಳನ್ನು ತೆಗೆದುಕೊಂಡರೆ ಅವಿಭಾಜ್ಯಗಳು 6,64,579, ಅಂದರೆ ಶೇಕಡಾ 6.6 ಮಾತ್ರ.

ಅಷ್ಟಕ್ಕೂ 41ರಲ್ಲಿ ಏನು ವಿಶೇಷ?

ಮೊದಲು ಮಾಡಿದ ಶೇಷಗಳ ಪರೀಕ್ಷೆಯನ್ನು ಕ² + ಕ + 41ಕ್ಕೂ ಮಾಡಬಹುದು. 2, 3, 5, 7ರಿಂದ ಹಿಡಿದು 37ರವರೆಗಿನ ಯಾವ ಅವಿಭಾಜ್ಯವೂ ಈ ಸೂತ್ರದ ಯಾವ ಬೆಲೆಯನ್ನೂ ಭಾಗಿಸುವುದಿಲ್ಲ. ಹನ್ನೆರಡು ಅವಿಭಾಜ್ಯಗಳು ಒಂದೇ ಸಾಲಿನಿಂದ ಹೊರಗುಳಿಯುವುದು ಸಾಮಾನ್ಯ ಸಂಗತಿಯಲ್ಲ.

ಕಾರಣವು ಆ ಬಹುಪದೋಕ್ತಿಯ ಶೋಧಕದಲ್ಲಿದೆ: 1 − 4 × 41, ಅಂದರೆ −163. ಪೂರ್ಣಾಂಕಗಳ ಜೊತೆಗೆ, −163ರ ವರ್ಗಮೂಲಕ್ಕೆ 1 ಕೂಡಿಸಿ ಅರ್ಧ ಮಾಡಿದ ಸಂಖ್ಯೆಯನ್ನೂ ಸೇರಿಸಿಕೊಂಡು ಕಟ್ಟುವ ಸಂಖ್ಯಾವ್ಯವಸ್ಥೆಯಲ್ಲಿ, ನಮ್ಮ ಸಾಮಾನ್ಯ ಪೂರ್ಣಾಂಕಗಳಲ್ಲಿರುವಂತೆಯೇ, ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಇಂಥ ವ್ಯವಸ್ಥೆಗಳಲ್ಲಿ ಈ ಗುಣ ಅಪರೂಪ. ಅ ಎಂಬ ಅವಿಭಾಜ್ಯಕ್ಕೆ ಕ² + ಕ + ಅ ಎಂಬುದು ಕ = 0ಯಿಂದ ಅ − 2ರವರೆಗೆ ಎಡೆಬಿಡದೆ ಅವಿಭಾಜ್ಯಗಳನ್ನು ಕೊಡುವುದು ಈ ಗುಣವಿದ್ದಾಗ ಮಾತ್ರ, ಗುಣವಿದ್ದರೆ ಖಂಡಿತವಾಗಿ, ಎಂದು 1913ರಲ್ಲಿ ರಬಿನೋವಿಚ್ ಸಾಧಿಸಿದರು. 2, 3, 5, 11, 17, 41 ಇವು ಆರೇ ಅಂಥ ಅವಿಭಾಜ್ಯಗಳು. 41ಕ್ಕಿಂತ ದೊಡ್ಡದು ಇರಲಾರದು ಎಂಬುದು 1952ರಲ್ಲಿ ಕುರ್ಟ್ ಹೇಗ್ನರ್ ಅವರ ಪ್ರಬಂಧದಿಂದ, ಮತ್ತು ಆ ಪ್ರಬಂಧವನ್ನು ಗಣಿತಲೋಕ ಆಗ ಪೂರ್ತಿ ಒಪ್ಪದಿದ್ದುದರಿಂದ, 1960ರ ದಶಕದ ಉತ್ತರಾರ್ಧದಲ್ಲಿ ಅಲನ್ ಬೇಕರ್ ಹಾಗೂ ಹೆರಾಲ್ಡ್ ಸ್ಟಾರ್ಕ್ ಅವರ ಸಾಧನೆಗಳಿಂದ ನಿಶ್ಚಯವಾಯಿತು. ಸಭೆಯೊಂದರಲ್ಲಿ ಗೀಚಿದ ಚಿತ್ರದ ಒಂದು ಗೆರೆ ಸಂಖ್ಯಾಶಾಸ್ತ್ರದ ಇಷ್ಟು ಆಳದ ಪ್ರಮೇಯಕ್ಕೆ ಕೊಂಡೊಯ್ಯುತ್ತದೆ ಎಂಬುದೇ ಈ ವಿಷಯ ನನಗೆ ಪ್ರಿಯವಾಗಿರಲು ಮುಖ್ಯ ಕಾರಣ.

ಯಾವ ಕರ್ಣ ಎಷ್ಟು ದಟ್ಟ ಎಂದು ಮೊದಲೇ ಹೇಳಬಹುದೇ?

ಹೇಳುವ ಸೂತ್ರವಿದೆ, ಅದರ ಸಾಧನೆ ಇಲ್ಲ. 1923ರಲ್ಲಿ ಹಾರ್ಡಿ ಮತ್ತು ಲಿಟಲ್‌ವುಡ್ ಅವರು, ಉಲಾಮ್ ಸುರುಳಿ ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲು, ಒಂದು ವರ್ಗ ಬಹುಪದೋಕ್ತಿ ಎಷ್ಟು ಅವಿಭಾಜ್ಯಗಳನ್ನು ಕೊಡಬೇಕೆಂಬ ಊಹೆಯನ್ನು ಮುಂದಿಟ್ಟರು. ಪ್ರತಿಯೊಂದು ಅವಿಭಾಜ್ಯವೂ ಆ ಸೂತ್ರದ ಬೆಲೆಗಳನ್ನು ಎಷ್ಟು ಬಾರಿ ಭಾಗಿಸುತ್ತದೆ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳನ್ನು ಭಾಗಿಸುವ ಪ್ರಮಾಣದೊಡನೆ ಹೋಲಿಸಿ, ಆ ಎಲ್ಲ ಹೋಲಿಕೆಗಳನ್ನು ಗುಣಿಸಿದರೆ ಆ ಕರ್ಣದ ದಟ್ಟಣೆಯ ಅಂಕ ಸಿಗುತ್ತದೆ. ಆಯ್ಲರ್ ಕರ್ಣಕ್ಕೆ ಇದು ಸುಮಾರು 6.6, ಅಂದರೆ ಅಷ್ಟೇ ಗಾತ್ರದ ಯಾದೃಚ್ಛಿಕ ಸಂಖ್ಯೆಗಳಿಗಿಂತ ಆರೂವರೆ ಪಟ್ಟು ಹೆಚ್ಚು ಅವಿಭಾಜ್ಯಗಳು. 7, 23, 47ರ ಕರ್ಣಕ್ಕೆ ಸುಮಾರು 3.7. ಗಣಕಯಂತ್ರದಿಂದ ಎಣಿಸಿ ನೋಡಿದಾಗ ಊಹೆ ಮತ್ತು ಎಣಿಕೆ ಬಹಳ ಹತ್ತಿರ ಬರುತ್ತವೆ.

ಕೇಂದ್ರದಿಂದ ದೂರ ಹೋದಂತೆ ಕರ್ಣಗಳೂ ತೆಳುವಾಗುತ್ತವೆ, ಏಕೆಂದರೆ ದೊಡ್ಡ ಸಂಖ್ಯೆಗಳಲ್ಲಿ ಅವಿಭಾಜ್ಯಗಳೇ ವಿರಳ: 100ರೊಳಗೆ 25, 1,000ದೊಳಗೆ 168, ಹತ್ತು ಲಕ್ಷದೊಳಗೆ 78,498. ಆದರೆ ಒಂದು ಕರ್ಣಕ್ಕೂ ಅದರ ಸುತ್ತಲಿನ ಸರಾಸರಿಗೂ ಇರುವ ಪ್ರಮಾಣ ಹಾಗೆಯೇ ಉಳಿಯಬೇಕೆಂಬುದು ಊಹೆಯ ತಿರುಳು.

ದಟ್ಟ ಕರ್ಣಗಳಲ್ಲಿ ಅನಂತ ಅವಿಭಾಜ್ಯಗಳಿವೆಯೇ?

ಇವೆಯೆಂದು ಎಲ್ಲರೂ ನಂಬುತ್ತಾರೆ. ಒಂದೇ ಒಂದು ಕರ್ಣದ ಬಗ್ಗೆಯೂ ಇದುವರೆಗೆ ಸಾಧನೆ ಸಿಕ್ಕಿಲ್ಲ. ಸಮಾಂತರ ಶ್ರೇಢಿಗಳ ಮಟ್ಟಿಗೆ ಡಿರಿಚ್ಲೆಟ್ 1837ರಲ್ಲೇ ಈ ಪ್ರಶ್ನೆಯನ್ನು ಪರಿಹರಿಸಿದರು. ವರ್ಗಪದ ಸೇರಿದೊಡನೆ ನಮ್ಮ ಉಪಕರಣಗಳೆಲ್ಲ ಸಾಲದಾಗುತ್ತವೆ.

ಮೇಲಿನ ಚೌಕದ 5, 17, 37ರ ಸಾಲನ್ನು ಮತ್ತೆ ನೋಡಿ. ಇವು ಸಮ ವರ್ಗಗಳಿಗೆ 1 ಸೇರಿಸಿದವು: 4 + 1, 16 + 1, 36 + 1. ವರ್ಗಕ್ಕೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು ಅನಂತವೇ ಎಂಬುದು 1912ರಲ್ಲಿ ಕೇಂಬ್ರಿಜಿನ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಎಡ್ಮಂಡ್ ಲಾಂಡೌ ಹೆಸರಿಸಿದ ನಾಲ್ಕು ಕಠಿಣ ಸಮಸ್ಯೆಗಳಲ್ಲಿ ಒಂದು. ಬೆಸ ವರ್ಗಕ್ಕೆ 1 ಸೇರಿದರೆ ಸಮಸಂಖ್ಯೆಯಾಗುವುದರಿಂದ, 2ನ್ನು ಬಿಟ್ಟರೆ ಅಂಥ ಅವಿಭಾಜ್ಯಗಳೆಲ್ಲ ಸುರುಳಿಯ ಈ ಒಂದೇ ಕರ್ಣದ ಮೇಲಿರಬೇಕು. ಹೀಗೆ ಲಾಂಡೌ ಅವರ ಸಮಸ್ಯೆ ನಮ್ಮ ಚಿತ್ರದಲ್ಲಿ ಮೇಲಿನ ಎಡಮೂಲೆಯತ್ತ ಹೋಗುವ ಗೆರೆಯಾಗಿ ಕಣ್ಣೆದುರೇ ಇದೆ. 1978ರಲ್ಲಿ ಹೆನ್ರಿಕ್ ಇವಾನಿಯೆಕ್ ಅವರು ವರ್ಗಕ್ಕೆ 1 ಕೂಡಿಸಿದ ಸಂಖ್ಯೆಗಳಲ್ಲಿ, ಹೆಚ್ಚೆಂದರೆ ಎರಡು ಅವಿಭಾಜ್ಯಗಳ ಗುಣಲಬ್ಧವಾಗಿರುವವು ಅನಂತವಾಗಿವೆ ಎಂದು ಸಾಧಿಸಿದರು. ಎರಡರಿಂದ ಒಂದಕ್ಕೆ ಬರುವ ದಾರಿ ಇನ್ನೂ ತೆರೆದಿಲ್ಲ.

ಬೇರೆ ಸುರುಳಿಗಳೂ ಇವೆಯಲ್ಲ, ಅವೂ ಇದನ್ನೇ ಹೇಳುತ್ತವೆಯೇ?

ರಾಬರ್ಟ್ ಸ್ಯಾಕ್ಸ್ 1994ರಲ್ಲಿ ರೂಪಿಸಿದ ಸುರುಳಿ ಇದನ್ನೇ ಹೇಳುತ್ತದೆ. ಅಲ್ಲಿ ಸಂಖ್ಯೆಗಳು ಚೌಕದ ಬದಲು ದುಂಡನೆಯ ಸುರುಳಿಯ ಮೇಲೆ, ಪ್ರತಿ ವರ್ಗ ಸಂಖ್ಯೆಗೂ ಒಂದು ಸುತ್ತು ಮುಗಿಯುವಂತೆ ಕೂರುತ್ತವೆ. ವರ್ಗಗಳೆಲ್ಲ ಒಂದೇ ಕಿರಣದ ಮೇಲೆ ಬರುತ್ತವೆ, ಆಯ್ಲರ್ ಸೂತ್ರದ ಅವಿಭಾಜ್ಯಗಳು ಒಂದು ನಯವಾದ ಬಾಗುಗೆರೆಯಾಗಿ ಎದ್ದು ಕಾಣುತ್ತವೆ.

ಇನ್ನೊಂದು ಚಿತ್ರದ ಬಗ್ಗೆ ಎಚ್ಚರ ಬೇಕು. ಪ್ರತಿ ಅವಿಭಾಜ್ಯವನ್ನೂ ಕೇಂದ್ರದಿಂದ ಅಷ್ಟೇ ದೂರದಲ್ಲಿ, ಅಷ್ಟೇ ರೇಡಿಯನ್ ಕೋನದಲ್ಲಿ ಗುರುತಿಸಿದರೆ ಮೊದಲು 20 ಸುರುಳಿತೋಳುಗಳೂ, ಬಹುದೂರದಿಂದ ನೋಡಿದಾಗ 280 ನೇರ ಕಿರಣಗಳೂ ಕಾಣುತ್ತವೆ. ಇದು ಅವಿಭಾಜ್ಯಗಳ ಗುಟ್ಟಲ್ಲ. 44 ರೇಡಿಯನ್ ಸುಮಾರು 7 ಪೂರ್ಣ ಸುತ್ತುಗಳಿಗೆ, 710 ರೇಡಿಯನ್ ಬಹಳ ನಿಖರವಾಗಿ 113 ಸುತ್ತುಗಳಿಗೆ ಸಮ. ತೋಳುಗಳನ್ನು ಕಟ್ಟುವುದು ಪೈ ಬೆಲೆಯ ಈ ಭಿನ್ನರಾಶಿ ಅಂದಾಜುಗಳು. ಎಲ್ಲ ಪೂರ್ಣಾಂಕಗಳನ್ನು ಗುರುತಿಸಿದರೂ 44 ತೋಳು, 710 ಕಿರಣ ಬರುತ್ತವೆ. 44ರೊಡನೆ ಅಥವಾ 710ರೊಡನೆ ಸಾಮಾನ್ಯ ಅಪವರ್ತನವಿರುವ ತೋಳುಗಳು ಅಳಿಸಿಹೋಗಿ 20 ಮತ್ತು 280 ಉಳಿಯುತ್ತವೆ, ಅಷ್ಟೇ.

ಸುರುಳಿಯಿಂದ ಮುಂದಿನ ಅವಿಭಾಜ್ಯವನ್ನು ಊಹಿಸಬಹುದೇ? ಗೂಢಲಿಪಿಗಳನ್ನು ಒಡೆಯಬಹುದೇ?

ಇಲ್ಲ. ದಟ್ಟ ಕರ್ಣದ ಮೇಲಿನ ಸಂಖ್ಯೆ ಅವಿಭಾಜ್ಯವಾಗಿರುವ ಸಂಭವ ಹೆಚ್ಚು ಎಂಬುದಷ್ಟೇ ಸುರುಳಿಯಿಂದ ತಿಳಿಯುವುದು. ನಿರ್ದಿಷ್ಟ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ತಿಳಿಯಲು ಪರೀಕ್ಷಿಸಿಯೇ ನೋಡಬೇಕು. ಗೂಢಲಿಪಿಗಳ ಭದ್ರತೆಯು ಬೃಹತ್ ಸಂಖ್ಯೆಗಳನ್ನು ಅಪವರ್ತಿಸುವ ಕಷ್ಟದ ಮೇಲೆ ನಿಂತಿದ್ದು, ಆ ಕೆಲಸಕ್ಕೆ ಸುರುಳಿಯಿಂದ ಯಾವ ನೆರವೂ ಇಲ್ಲ.

ನಾನೇ ಗಣಕಯಂತ್ರದಲ್ಲಿ ಬರೆದು ನೋಡಬೇಕಾದರೆ ಎಲ್ಲಿಂದ ಆರಂಭಿಸಲಿ?

ಎರಟೋಸ್ತನೀಸನ ಜರಡಿಯಿಂದ ಅವಿಭಾಜ್ಯಗಳ ಪಟ್ಟಿ ಮಾಡಿಕೊಂಡು, ಮೊದಲ ಉತ್ತರದಲ್ಲಿ ಹೇಳಿದ ನಡೆಗಳಂತೆ ಮನೆಗಳನ್ನು ತುಂಬಿ, ಅವಿಭಾಜ್ಯಕ್ಕೆ ಕಪ್ಪು ಚುಕ್ಕೆ ಹಾಕುವ ಪೈಥಾನ್ ಕ್ರಮವಿಧಿಗೆ ಹೆಚ್ಚು ಸಾಲುಗಳು ಬೇಕಾಗುವುದಿಲ್ಲ. ಬದಿಗೆ 200 ಮನೆಗಳಿರುವ ಚೌಕದಲ್ಲಿ ಕರ್ಣಗಳು ಚೆನ್ನಾಗಿ ಕಾಣುತ್ತವೆ. ಆರಂಭದ ಸಂಖ್ಯೆಯನ್ನು ಬದಲಿಸಲು ಅವಕಾಶ ಇಟ್ಟುಕೊಂಡು 1, 11, 17, 41 ಎಂದು ಕೊಟ್ಟು ಹೋಲಿಸಿ. ಆಮೇಲೆ ಅವಿಭಾಜ್ಯಗಳ ಬದಲು ಅಷ್ಟೇ ದಟ್ಟಣೆಯ ಯಾದೃಚ್ಛಿಕ ಬೆಸ ಸಂಖ್ಯೆಗಳನ್ನು ಹಾಕಿ ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕಣ್ಣಿಗೆ ದಟ್ಟವೆನಿಸಿದ ಕರ್ಣವೊಂದರ ಮೂರು ಸಂಖ್ಯೆಗಳನ್ನು ತೆಗೆದುಕೊಂಡರೆ ಅದರ ಸೂತ್ರ ಸಿಗುತ್ತದೆ. ಆ ಸೂತ್ರವನ್ನು 3, 5, 7, 11, 13ರಿಂದ ಭಾಗಿಸಿದಾಗ ಯಾವುದಕ್ಕೆ ಶೇಷ 0 ಎಂದೂ ಬರುವುದಿಲ್ಲ ಎಂದು ಪಟ್ಟಿ ಮಾಡಿದರೆ, ಆ ಕರ್ಣ ಏಕೆ ದಟ್ಟವಾಗಿದೆ ಎಂಬುದು ನಿಮಗೇ ತಿಳಿಯುತ್ತದೆ.